ಬಿಸ್ಕತ್ತಿನ ಡಬ್ಬಿಯಲ್ಲಿ ಉಳಿದ ಅರ್ಧ

ಗಾಯದ ಮೇಲೆ ವಾಕ್ಯ ಎಳೆದ ಹಾಗೆ ಅಂತ ಒಂದು ಗಾದೆ ಇದೆ. ಯಾಕೆ ನಗ್ತೀರಿ? ಅದು ವಾಕ್ಯ ಅಲ್ಲ, ಬರೆ ಅಂತೀರಾ? ಇರಬಹುದು. ಹಿಂದಿನವರು ಪಾಪ, ಕಬ್ಬಿಣ ಕಾಯಿಸಿ ಬರೆ ಎಳೀಬೇಕಿತ್ತು. ಸೌದೆ ಬೇಕು, ಒಲೆ ಬೇಕು, ಊದೋಕೆ ಉಸಿರು ಬೇಕು. ನಾವು ಓದಿದವರು. ಒಲೆ ಹಚ್ಚದೆ ಸುಡೋದನ್ನು ಕಲಿತಿದ್ದೇವೆ.

ಇವತ್ತು ಹೇಳೋದು ನಡೆದ ಕಥೆ. ಚರ್ಚಿನಲ್ಲಿ ಉಪದೇಶ ಮಾಡೋ ಎಲ್ಲ ಪ್ರಸಂಗಿಗಳೂ ಹೀಗೇ ಶುರು ಮಾಡ್ತಾರೆ, ಗೊತ್ತು. ಆದರೆ ಇದು ನಿಜವೇ ಇರಬೇಕು ನೋಡಿ, ಯಾಕಂದರೆ ಇದರಲ್ಲಿ ಬರೋ ಮನುಷ್ಯ ಈಗ ನಿಮ್ಮ ಪಕ್ಕದಲ್ಲೇ ಕೂತಿದ್ದಾನೆ. ತಿರುಗಿ ನೋಡಬೇಡಿ. ಅವನೂ ನಿಮ್ಮ ಕಡೆಗೇ ತಿರುಗಿದ್ದಾನೆ.

ರೈಲು ಜಂಕ್ಷನ್ ಇರೋ ಒಂದೂರಲ್ಲಿ ಒಬ್ಬ ಶ್ರೀಮಂತರಿದ್ದರು. ದುಡ್ಡಿನ ಶ್ರೀಮಂತರು ಊರಿಗೆ ಹತ್ತು ಜನ ಸಿಗ್ತಾರೆ; ಇವರು ಬೈಬಲ್ ವಾಕ್ಯದ ಶ್ರೀಮಂತರು. ಹೆಸರು ಸಮಾಧಾನಪ್ಪ. ಮೂವತ್ತೆಂಟು ವರ್ಷ ರೈಲಿನಲ್ಲಿ ಟಿಕೆಟ್ ಪರೀಕ್ಷಕರು, ನಿವೃತ್ತರಾದ ಮೇಲೆ ಚರ್ಚಿನ ಸಭೆಯಲ್ಲಿ ವಿಶ್ವಾಸ ಪರೀಕ್ಷಕರು. ಕೋಟು ಬಿಚ್ಚಿದರು, ಕೆಲಸ ಬಿಡಲಿಲ್ಲ. ಯಾರು ಯಾವ ಕಷ್ಟದಲ್ಲಿ ಸಿಕ್ಕಿದರೂ ಅವರ ಬಾಯಲ್ಲಿ ಒಂದು ವಾಕ್ಯ ತಯಾರಾಗಿರುತ್ತಿತ್ತು. ಜ್ವರಕ್ಕೊಂದು, ಸಾವಿಗೊಂದು, ಪರೀಕ್ಷೆಯಲ್ಲಿ ಫೇಲಾದರೆ ಒಂದು, ಪಾಸಾದರೆ ಹೆಮ್ಮೆ ಪಡಬೇಡ ಅಂತ ಇನ್ನೊಂದು.

ಆ ಸಭೆಯಲ್ಲಿ, ನಮ್ಮಲ್ಲಿ ಇರೋ ಹಾಗೆಯೇ, ವಾಗ್ದಾನದ ಪೆಟ್ಟಿಗೆಯ ಪದ್ಧತಿ. ಹೊಸ ವರ್ಷದ ಬೆಳಗಿನ ಆರಾಧನೆಯಲ್ಲಿ ಒಬ್ಬೊಬ್ಬರೇ ಮುಂದೆ ಬಂದು, ಹೋದ ವರ್ಷದ ಕಾರ್ಡನ್ನು ತಟ್ಟೆಯಲ್ಲಿಟ್ಟು, ದೇವರು ಆ ಮಾತನ್ನು ಹೇಗೆ ನಡೆಸಿದ ಅಂತ ಎರಡು ಮಾತು ಸಾಕ್ಷಿ ಹೇಳಬೇಕು. ಆಮೇಲೆ ಪೆಟ್ಟಿಗೆಗೆ ಕೈ ಹಾಕಿ ಹೊಸ ಕಾರ್ಡು ತೆಗೆದು ಎಲ್ಲರಿಗೂ ಕೇಳೋ ಹಾಗೆ ಓದಬೇಕು. ಆ ವರ್ಷಕ್ಕೆ ದೇವರು ನಿಮಗೆ ಕೊಟ್ಟ ಮಾತು ಅದು.

ಈ ಕಾರ್ಡುಗಳನ್ನು ತಯಾರು ಮಾಡೋರು ಸಮಾಧಾನಪ್ಪನವರು. ದಿನಕ್ಕೊಂದು ಹಾಳೆ ಹರಿಯೋ ವಾಕ್ಯದ ಕ್ಯಾಲೆಂಡರ್ ಬರುತ್ತಲ್ಲ, ಅದರ ಹಾಳೆಗಳನ್ನು ವರ್ಷವಿಡೀ ಕೂಡಿಡೋರು. ಡಿಸೆಂಬರ್ ಬಂತೆಂದರೆ ದೇವಾಲಯದ ಪಕ್ಕದ ಕೋಣೆಯಲ್ಲಿ ಕತ್ತರಿ, ಗೋಂದು, ಬಣ್ಣದ ರಟ್ಟು ಹರಡಿಕೊಂಡು ಕೂರೋರು. ಹಾಳೆಯಲ್ಲಿರೋ ವಾಕ್ಯ ಪೂರ್ತಿ ಕಾರ್ಡಿಗೆ ಹಿಡಿಸೋದಿಲ್ಲ. ಹಾಗಾಗಿ ಕತ್ತರಿಸೋರು. ಎಲ್ಲಿ ಕತ್ತರಿಸೋರು? ಸಿಹಿ ಎಲ್ಲಿ ಶುರುವಾಗುತ್ತೋ ಅಲ್ಲಿ. ‘ಲೋಕದಲ್ಲಿ ನಿಮಗೆ ಸಂಕಟ ತಪ್ಪಿದ್ದಲ್ಲ’ ಅನ್ನೋದು ಒಂದು ಕಡೆ, ‘ಧೈರ್ಯವಾಗಿರಿ’ ಅನ್ನೋದು ಇನ್ನೊಂದು ಕಡೆ. ಧೈರ್ಯ ಕಾರ್ಡಿಗೆ ಹೋಗೋದು. ಸಂಕಟ?

ಸಂಕಟವನ್ನು ಎಸೆಯೋಕಾಗಲ್ಲ. ದೇವರ ವಾಕ್ಯ ಅಲ್ವಾ? ಕಸದ ಬುಟ್ಟಿಗೆ ಹಾಕಿದರೆ ಪಾಪ, ಸುಟ್ಟರೆ ಮಹಾಪಾಪ. ಕತ್ತರಿಸಬಹುದು, ಎಸೀಬಾರದು. ಎಂಥ ಭಕ್ತಿ ನೋಡಿ ನಮ್ಮದು. ಆ ಉಳಿದ ಅರ್ಧಗಳೆಲ್ಲ ಕಪಾಟಿನೊಳಗೆ ಒಂದು ದೊಡ್ಡ ಬಿಸ್ಕತ್ತಿನ ಡಬ್ಬಿ ಸೇರುತ್ತಿದ್ದವು. ಹನ್ನೊಂದು ವರ್ಷದ ಸಂಕಟ, ಮುಚ್ಚಳ ಹಾಕಿ, ಭದ್ರವಾಗಿ.

ಅದೇ ಸಭೆಗೆ ಸೇರಿದವಳು ಕೃಪಾವತಿ. ಗಂಡ ತಿಮೋತಿ ರೈಲಿನಲ್ಲಿ ಗಾರ್ಡ್ ಆಗಿದ್ದ. ಹಸಿರು ಬಾವುಟ ಬೀಸುತ್ತಿದ್ದ ಬಲಗೈ ಮೂರು ವರ್ಷದ ಹಿಂದೆ ಒಂದು ಬೆಳಗ್ಗೆ ಚಹಾದ ಲೋಟ ಹಿಡಿದಲ್ಲೇ ಸೋತುಹೋಯಿತು. ಪಾರ್ಶ್ವವಾಯು. ಬಲಗಡೆ ಪೂರ್ತಿ ಹೋಯಿತು, ಮಾತೂ ಹೋಯಿತು. ಗಾಯನ ತಂಡದಲ್ಲಿ ದಪ್ಪ ಧ್ವನಿಯಲ್ಲಿ ಹಾಡುತ್ತಿದ್ದವನ ಬಾಯಲ್ಲಿ ಈಗ ಒಂದು ‘ಆ’ ಮಾತ್ರ ಉಳಿದಿತ್ತು.

ಹಾಸಿಗೆ ಹಿಡಿದವರನ್ನು ನೋಡಿಕೊಂಡವರಿಗೆ ಗೊತ್ತಿರುತ್ತೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲದಿದ್ದರೆ ಸೊಂಟದ ಹತ್ತಿರ ಚರ್ಮ ಕೆಂಪಾಗುತ್ತೆ, ಆಮೇಲೆ ಬಿರಿಯುತ್ತೆ. ತಿಮೋತಿ ಎತ್ತರದ ಆಳು. ಒಬ್ಬಳಿಂದ ಆಗದು. ಹಾಸುಬಟ್ಟೆಯ ಒಂದು ಅಂಚನ್ನು ಇವಳು ಹಿಡಿದರೆ ಇನ್ನೊಂದು ಅಂಚನ್ನು ಇನ್ಯಾರೋ ಹಿಡಿಯಬೇಕು. ಪಕ್ಕದ ಮನೆಯ ಮೆಹರುನ್ನಿಸಾ ಕೈಯಲ್ಲಿರೋ ಹಿಟ್ಟು ಒರೆಸಿಕೊಂಡು ಬಂದು ಹಿಡಿಯುತ್ತಿದ್ದಳು. ಅವಳಿಗೆ ನಮ್ಮ ಪುಸ್ತಕದ ಒಂದು ವಾಕ್ಯವೂ ಬಾರದು. ಅದಕ್ಕೇ ಇರಬೇಕು, ಅವಳ ಎರಡೂ ಕೈ ಖಾಲಿ ಇರುತ್ತಿದ್ದವು.

ಸಂಜೆ ಬರುತ್ತಿದ್ದವನು ತಿಮೋತಿಯ ತಮ್ಮ ಜಯಶೀಲ. ಕಾಲೇಜಿನಲ್ಲಿ ಪಾಠ ಹೇಳೋನು, ಆದರೆ ಹೊಟ್ಟೆಯೊಳಗೆ ಹತ್ತು ಜನರ ಗಂಟಲು ಇಟ್ಟುಕೊಂಡವನು. ಬಿಷಪ್ಪರಿಂದ ಹಿಡಿದು ಸೊಪ್ಪಿನವಳವರೆಗೆ ಯಾರ ಧ್ವನಿ ಬೇಕಾದರೂ ತೆಗೆಯೋನು. ಮಂಚದ ಪಕ್ಕ ಕೂತು ಸಮಾಧಾನಪ್ಪನವರ ಹಾಗೆ ಕನ್ನಡಕ ಮೂಗಿನ ತುದಿಗೆ ಇಳಿಸಿ, “ಏನಪ್ಪಾ ತಿಮೋತಿ, ಟಿಕೆಟ್ ತೋರಿಸು. ಇದೇನಿದು, ಜನರಲ್ ಟಿಕೆಟ್ ಇಟ್ಕೊಂಡು ಸ್ಲೀಪರ್ ಬರ್ತಿನಲ್ಲಿ ಮಲಗಿದ್ದೀಯ? ಮೂರು ವರ್ಷದಿಂದ? ಇಳಿ, ಇಳಿ” ಅಂದರೆ ತಿಮೋತಿಯ ಮುಖದ ಎಡಗಡೆ ಅರ್ಧ ನಗುತ್ತಿತ್ತು. ಬಲಗಡೆ ಅರ್ಧ ಹಾಗೇ ಇರುತ್ತಿತ್ತು. ಆ ಅರ್ಧ ನಗುವಿಗೇ ಕೃಪಾವತಿ ದಿನವೆಲ್ಲ ಕಾಯುತ್ತಿದ್ದಳು.

ಹೋದ ವರ್ಷದ ಮೊದಲ ದಿನ ಅವಳಿಗೆ ಬಂದ ಕಾರ್ಡು: ‘ನಿನ್ನ ಗಾಯ ಬೇಗನೆ ಮಾಯುವುದು.’

ಸಭೆ ಚಪ್ಪಾಳೆ ತಟ್ಟಿತು. ಸಮಾಧಾನಪ್ಪನವರು ಅವಳ ತಲೆ ಮೇಲೆ ಕೈಯಿಟ್ಟು, “ನೋಡು ತಂಗಿ, ಬರೆದುಕೊಟ್ಟಿದ್ದಾನೆ. ಈ ವರ್ಷ ತಿಮೋತಿ ನಡ್ಕೊಂಡು ಬರ್ತಾನೆ” ಅಂದರು. ಕಾರ್ಡನ್ನು ಅವಳು ಮಂಚದ ತಲೆಗಡೆ ಗೋಡೆಗೆ ಅಂಟಿಸಿದಳು. ಪ್ರತಿ ಸಲ ಮಗ್ಗುಲು ಬದಲಿಸುವಾಗಲೂ ಓದಿಕೊಂಡಳು. ಫೆಬ್ರವರಿ ಹೋಯಿತು. ಮೇ ಹೋಯಿತು.

ಆಗಸ್ಟಿನಲ್ಲಿ ಸಮಾಧಾನಪ್ಪನವರು ಪ್ರಾರ್ಥನಾ ತಂಡ ಕಟ್ಟಿಕೊಂಡು ಮನೆಗೆ ಬಂದರು. ಐದು ಜನ. ಚಹಾ ಆಯಿತು. ಮಂಚದ ಸುತ್ತ ನಿಂತರು. ಗೋಡೆಯ ಗಡಿಯಾರದಲ್ಲಿ ಹನ್ನೊಂದಾಗಿತ್ತು.

“ಅಣ್ಣಾ, ಇವರನ್ನ ಹೊರಳಿಸೋ ಹೊತ್ತಾಯ್ತು. ಮೆಹರು ಊರಲ್ಲಿಲ್ಲ. ಆ ತುದಿ ಒಂದು ಸ್ವಲ್ಪ ಹಿಡೀತೀರಾ?”

ಕಣ್ಣು ಮುಚ್ಚಿದ್ದ ಸಮಾಧಾನಪ್ಪನವರು ಕಣ್ಣು ತೆರೆಯಲಿಲ್ಲ. ಬೆರಳು ಮಾತ್ರ ಎತ್ತಿದರು. “ಮೊದಲು ಆತ್ಮದ ಕೆಲಸ ತಂಗಿ. ಆಮೇಲೆ ಶರೀರದ್ದು.”

ಆತ್ಮದ ಕೆಲಸ ಒಂದು ಗಂಟೆ ಹತ್ತು ನಿಮಿಷ ನಡೆಯಿತು. ಐದು ಜನ. ಹತ್ತು ಕೈ. ಹತ್ತೂ ಕೈ ಮೇಲಕ್ಕೆ ಎತ್ತಿದ್ದವು, ಒಂದು ಕೈಯೂ ಕೆಳಕ್ಕೆ ಬರಲಿಲ್ಲ. ಮಂಚದ ಮೇಲಿದ್ದವನು ‘ಆ, ಆ’ ಅಂದ. ಆತ್ಮ ಇಳಿಯುತ್ತಿದೆ ಅಂತ ಅವರು ಇನ್ನೂ ಜೋರು ಮಾಡಿದರು. ಅವನಿಗೆ ಸೊಂಟ ಉರಿಯುತ್ತಿತ್ತು.

ಹೊರಡುವಾಗ ಬಾಗಿಲಲ್ಲಿ ನಿಂತು ಸಮಾಧಾನಪ್ಪನವರು ಹೇಳಿದರು. “ಬೇಜಾರು ಮಾಡ್ಕೋಬೇಡ ಕೃಪಾವತಿ. ಕಾರ್ಡು ಸುಳ್ಳಾಗಲ್ಲ. ಹಾಗಾದರೆ ಈ ಮನೇಲಿ ಎಲ್ಲೋ ಅವಿಶ್ವಾಸ ಅಡಗಿ ಕೂತಿದೆ. ಒಳಗೆ ಹುಡುಕು.”

“ಒಳಗೆ ನೀವು ಕುಡಿದ ಲೋಟ ಇದಾವೆ ಅಣ್ಣಾ. ತೊಳೆದು ಹುಡುಕ್ತೀನಿ.”

ಅವರಿಗೆ ಅದು ಅರ್ಥವಾಗಲಿಲ್ಲ. ಅವಳು ಒಬ್ಬಳೇ ಮೊಣಕಾಲೂರಿ, ಹೆಗಲು ಕೊಟ್ಟು, ಹೇಗೋ ತಿಮೋತಿಯನ್ನು ಹೊರಳಿಸಿದಳು. ಬೆಳಗ್ಗೆ ಕೆಂಪಗಿದ್ದ ಜಾಗ ಬಿರಿದಿತ್ತು. ಅದಕ್ಕೆ ಮುಲಾಮು ಹಚ್ಚುತ್ತಾ ತಲೆಯೆತ್ತಿದರೆ ಗೋಡೆಯಲ್ಲಿ: ‘ನಿನ್ನ ಗಾಯ ಬೇಗನೆ ಮಾಯುವುದು.’

ಆದರೂ ಅವಳು ಹುಡುಕಿದಳು, ಅದು ನನಗೆ ಕೋಪ ತರಿಸೋ ವಿಷಯ. ಬಾಯಲ್ಲಿ ಜವಾಬು ಕೊಟ್ಟವಳು ಒಳಗೆ ನಿಜವಾಗಿಯೂ ಹುಡುಕಿದಳು. ಗಂಡನ ಬಾಯಿಗೆ ಗಂಜಿ ಹಾಕುವಾಗ ಹುಡುಕಿದಳು, ಬಟ್ಟೆ ಒಗೆಯುವಾಗ ಹುಡುಕಿದಳು. ಮದುವೆಗೆ ಮುಂಚೆ ಅಮ್ಮನಿಗೆ ಹೇಳಿದ್ದ ಒಂದು ಸುಳ್ಳು ಸಿಕ್ಕಿತು. ಅದಕ್ಕೇ ಇರಬಹುದಾ ಅಂದುಕೊಂಡಳು. ದೇವರು ಮಾತು ಕೊಟ್ಟ, ಮಾತು ನಡೆಯಲಿಲ್ಲ. ಅಂದರೆ ಅವನು ಸುಳ್ಳುಗಾರ, ಇಲ್ಲವೆ ನಾನು ಪಾಪಿ. ಅವಳ ಮುಂದಿದ್ದದ್ದು ಎರಡೇ ದಾರಿ. ಮೂರನೇ ದಾರಿ ಕಪಾಟಿನಲ್ಲಿ, ಡಬ್ಬಿಯೊಳಗೆ ಇತ್ತು.

ಅಕ್ಟೋಬರಿಗೆ ಅವಳ ಪ್ರಾರ್ಥನೆ ನಿಂತಿತು. ಕೋಪದಿಂದಲ್ಲ. ಯಾರೂ ಎತ್ತದ ಫೋನಿಗೆ ಎಷ್ಟು ಸಲ ಮಾಡ್ತೀರಿ?

ಹೊಸ ವರ್ಷದ ಬೆಳಗ್ಗೆ ಗೋಡೆಯಿಂದ ಕಾರ್ಡು ಕಿತ್ತು ತಿಮೋತಿಗೆ ಹೇಳಿದಳು. “ಇದನ್ನ ವಾಪಸ್ ಕೊಟ್ಟು ಬರ್ತೀನಿ. ಹೊಸದು ತಗೊಳ್ಳಲ್ಲ. ಇನ್ಮೇಲೆ ಆ ಕಡೆ ಹೋಗೋದೂ ಇಲ್ಲ ಕಣ್ರೀ. ನಿಮಗೆ ನಾನು, ನನಗೆ ನೀವು. ಅಷ್ಟೇ.” ತಿಮೋತಿ ಅವಳನ್ನೇ ನೋಡಿದ. ಅನ್ನೋಕೆ ಅವನ ಹತ್ತಿರ ಇದ್ದದ್ದು ಒಂದೇ ಅಕ್ಷರ. ಹನ್ನೊಂದಕ್ಕೆ ಬರ್ತೀನಿ ಅಂತ ಮೆಹರುನ್ನಿಸಾಗೆ ಹೇಳಿ ಹೊರಟಳು.

ಅವಳಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಹಿಂದಿನ ವಾರ ಕ್ರಿಸ್ಮಸ್ಸಿನ ನಕ್ಷತ್ರ ಕಟ್ಟೋಕೆ ದಾರ ಹುಡುಕುತ್ತಾ ಜಯಶೀಲ ಆ ಕಪಾಟು ತೆರೆದಿದ್ದ. ಡಬ್ಬಿಯಲ್ಲಿ ಬಿಸ್ಕತ್ತು ಇರಬಹುದು ಅಂತ ಮುಚ್ಚಳ ತೆಗೆದ. ಕೈಗೆ ಬಂದದ್ದು ತುಂಡು ಕಾಗದ. ಅದರಲ್ಲೊಂದು ತುಂಡು: ‘ನೊಂದವನ ಹೊರೆಗೆ ಹೆಗಲು ಕೊಡು, ಆಗ’. ಅಲ್ಲಿಗೆ ಕತ್ತರಿ. ಆಗ ಏನು ಅಂತ ಅವನಿಗೆ ಬಾಯಿಪಾಠ ಬರುತ್ತಿತ್ತು. ಅತ್ತಿಗೆಯ ಮನೆ ಗೋಡೆಯಲ್ಲಿ ವರ್ಷವಿಡೀ ಅದನ್ನೇ ಓದಿದ್ದ.

ಹೆಗಲು ಕೊಡಬೇಕಾದವರು ಆ ಮಾತನ್ನು ಕತ್ತರಿಸಿ ಡಬ್ಬಿಯಲ್ಲಿಟ್ಟು, ಗಾಯ ಮಾಯುವುದು ಅನ್ನೋದನ್ನು ಗಾಯವಾದವರ ಕೈಗೆ ಕೊಟ್ಟಿದ್ದರು. ಮಾಯದಿದ್ದರೆ ತಪ್ಪು ಗಾಯದ್ದು.

ಜಯಶೀಲ ಅವತ್ತು ಯಾರ ಧ್ವನಿಯನ್ನೂ ಅನುಕರಿಸಲಿಲ್ಲ. ಡಬ್ಬಿಯಿಂದ ಒಂದು ಹಿಡಿ ಅರ್ಧಗಳನ್ನು ಎತ್ತಿ, ಅದೇ ಬಣ್ಣದ ರಟ್ಟಿಗೆ ಅದೇ ಗೋಂದಿನಲ್ಲಿ ಅಂಟಿಸಿ, ಪೆಟ್ಟಿಗೆಯ ಮೇಲುಗಡೆಗೇ ಹರಡಿಟ್ಟ. ಪ್ರತಿ ವರ್ಷ ಮೊದಲ ಕಾರ್ಡು ತೆಗೆಯೋರು ಸಮಾಧಾನಪ್ಪನವರು. ಈ ಸಲ ಮೈಕಿನ ಮುಂದೆ ಅವರು ಏನು ಓದ್ತಾರೆ ನೋಡೋಣ ಅಂತ ಹೊಸ ವರ್ಷದ ಬೆಳಗ್ಗೆ ಹಾರ್ಮೋನಿಯಂ ಹಿಂದೆ ಕೂತ.

ಆದರೆ ಸಮಾಧಾನಪ್ಪನವರು ಎದ್ದು ನಿಂತು ಹೇಳಿದ್ದೇನು? “ಈ ಸಲ ಮೊದಲು ನಾನು ಬೇಡ. ಹೋದ ವರ್ಷ ದೊಡ್ಡ ವಾಗ್ದಾನ ಪಡೆದ ಸಹೋದರಿ ಕೃಪಾವತಿ ಬರಲಿ. ಸಾಕ್ಷಿ ಕೇಳೋಣ.”

ಅವಳು ಬಂದಳು. ಕಾರ್ಡನ್ನು ತಟ್ಟೆಯಲ್ಲಿಟ್ಟಳು. “ಗಾಯ ಮಾಯಲಿಲ್ಲ” ಅಂದಳು. “ಎರಡಾಗಿದೆ.” ತಿರುಗಿ ಹೊರಟಳು.

“ನಿಲ್ಲು ತಂಗಿ. ಹೊಸದು ತೆಗೀದೆ ಹೋಗೋದಾ? ವಾಗ್ದಾನ ಬೇಡ ಅಂದರೆ ಕೊಟ್ಟವನೇ ಬೇಡ ಅಂದ ಹಾಗಲ್ವಾ? ಹಾಗೆ ಅಂತ ಎಲ್ಲರ ಮುಂದೆ ಹೇಳಿ ಹೋಗು.”

ಹಾಗೆ ಅಂತಲೇ ಹೇಳಬೇಕೆಂದು ಅವಳು ಮನೆಯಿಂದ ಬಂದಿದ್ದಳು. ಆದರೆ ಇನ್ನೂರು ಜೊತೆ ಕಣ್ಣು. ಹೇಳೋಕೂ ಸಾಕಾಗಿತ್ತು. ಬೇಗ ಮುಗಿದರೆ ಸಾಕು ಅಂತ ಪೆಟ್ಟಿಗೆಗೆ ಕೈ ಹಾಕಿದಳು. ಹಾರ್ಮೋನಿಯಂ ಹಿಂದಿನಿಂದ ಜಯಶೀಲ ಎದ್ದ. “ಅತ್ತಿಗೆ, ಅದು ಬೇಡ, ಕೆಳಗಿಂದು ತೆಗೀರಿ” ಅಂದ. ಯಾರಿಗೂ ಕೇಳಲಿಲ್ಲ. ಅವಳು ಮೈಕಿನಲ್ಲಿ ಓದಿಯಾಗಿತ್ತು.

“ನೀನು ಬೆಂಕಿಯ ನಡುವೆ ನಡೆಯುವಾಗ.”

ಅಷ್ಟೇ. ಕಾರ್ಡಿನ ಹಿಂದೆ ತಿರುಗಿಸಿದಳು. ಅಲ್ಲಿ ಏನೂ ಇರಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಿಸೋಣ. ಅವಳು ಅಲ್ಲೇ ನಿಂತಿರಲಿ. ನಮಗೇನು, ಮೂರು ವರ್ಷದಿಂದ ನಿಲ್ಲಿಸಿದ್ದೇವಲ್ಲ. ನಾನು ನಿಮ್ಮನ್ನು ಒಂದು ಮಾತು ಕೇಳ್ತೀನಿ. ನಿಮ್ಮ ಮನೆಯಲ್ಲೂ ಒಂದು ಡಬ್ಬಿ ಇದೆಯೋ ಇಲ್ಲವೋ? ಕಾಯಿಲೆಯವರ ಮನೆಗೆ ಹೋಗುವಾಗ ನೀವೂ ಕತ್ತರಿ ತಗೊಂಡು ಹೋಗ್ತೀರೋ ಇಲ್ಲವೋ? ವಾಗ್ದಾನ ದೇವರದು. ನಾವು ಕೊಡೋದು ಬರೀ ವಾಕ್ಕಿನ ದಾನ. ಬಾಯಿ ತುಂಬ ಕೊಡ್ತೇವೆ, ಕೈ ಜೇಬಿನಲ್ಲಿರುತ್ತೆ. “ನಂಬಿಕೆ ಇಡಿ, ಎಲ್ಲ ಸರಿಯಾಗುತ್ತೆ.” ಎಲ್ಲಿ ಬರೆದಿದೆ ಎಲ್ಲ ಸರಿಯಾಗುತ್ತೆ ಅಂತ? ನನಗೆ ತೋರಿಸಿ. ಬೆಂಕಿ ಇರಲ್ಲ ಅಂತ ದೇವರು ಯಾವತ್ತು ಹೇಳಿದ? ಬೆಂಕಿ ಇದೆ ಅಂತ ಮೊದಲೇ ಹೇಳಿ, ಅದರ ಜೊತೆಗೆ ತನ್ನ ಮಾತು ಸೇರಿಸಿದ. ನಾವು ಬೆಂಕಿಯನ್ನು ಕತ್ತರಿಸಿದೆವು. ಈಗ ಬೆಂಕಿಯಲ್ಲಿರೋಳು ತನ್ನ ಮನೆ ಅನ್ನೋದು ದೇವರ ಪುಸ್ತಕದಲ್ಲೇ ಇಲ್ಲ ಅಂದುಕೊಂಡರೆ ಅದು ಅವಳ ಅವಿಶ್ವಾಸವೋ, ನಮ್ಮ ಕತ್ತರಿಯೋ?

ಶಿಲುಬೆಯ ಮೇಲೆ ನಮ್ಮ ಸ್ವಾಮಿ ಯಾಕೆ ನನ್ನ ಕೈಬಿಟ್ಟೆ ಅಂತ ಕೂಗಿದ. ಅವನಿಗೂ ವಿಶ್ವಾಸ ಸಾಲದಾಗಿತ್ತಾ? ಕೆಳಗೆ ನಿಂತಿದ್ದವರು ಹಾಗೇ ಅಂದರು, ಗೊತ್ತಾ? ದೇವರಿಗೆ ಇವನು ಬೇಕಾಗಿದ್ದರೆ ಇಳಿಸಿಕೊಳ್ಳಲಿ ನೋಡೋಣ ಅಂದರು. ನೊಂದವರ ಮಂಚದ ಪಕ್ಕ ನಿಂತು ನಿನ್ನಲ್ಲಿ ವಿಶ್ವಾಸ ಸಾಲದು ಅನ್ನೋರು ಯಾರ ಪಕ್ಕ ನಿಂತಿದ್ದೀರಿ ಅಂತ ನೋಡಿಕೊಳ್ಳಿ.

ಮಾಡಬೇಕಾದ್ದು ಹೇಳ್ತೀನಿ, ಮನೆಗೆ ಹೋಗೋವರೆಗಾದರೂ ನೆನಪಿರಲಿ. ನಾಳೆ ಯಾರ ಮನೆಗಾದರೂ ಹೋದರೆ ಬಾಯಿ ತೆರೆಯೋ ಮುಂಚೆ ಕೇಳಿ, ಯಾವ ಹೊತ್ತಿಗೆ ಮಗ್ಗುಲು ಬದಲಿಸಬೇಕು ಅಂತ. ಕುಡಿದ ಲೋಟ ತೊಳೆದಿಡಿ. ಪ್ರಾರ್ಥನೆ ಮಾಡಿ, ಬೇಡ ಅನ್ನಲ್ಲ, ಹಾಸುಬಟ್ಟೆಯ ತುದಿ ಹಿಡಿದುಕೊಂಡು ಮಾಡಿ. ಇನ್ನು ಬೆಂಕಿಯಲ್ಲೇ ಇದ್ದು ಇಲ್ಲಿ ಬಂದು ಸುಮ್ಮನೆ ಕೂತಿರೋರು ಇದ್ದೀರಿ. ನಿಮ್ಮ ಮೇಲೆ ನನಗೆ ಕೋಪ ಇಲ್ಲ. ಯಾರಾದರೂ ನಿಮಗೆ ಅರ್ಧ ವಾಕ್ಯ ಕೊಟ್ಟರೆ ಇನ್ನರ್ಧ ಎಲ್ಲಿ ಅಂತ ಕೇಳಿ. ಧೈರ್ಯವಾಗಿ ಕೇಳಿ. ನಿಮ್ಮ ಹಕ್ಕು ಅದು.

ಈಗ ಅವಳ ಹತ್ತಿರ ಬರೋಣ.

ಅವಳ ಕೈಯಲ್ಲಿದ್ದದ್ದು ಅರ್ಧ ವಾಕ್ಯ. ಆದರೆ ಸಮಾಧಾನಪ್ಪನವರ ನಾಲಿಗೆ ಅಷ್ಟು ವರ್ಷ ವಾಕ್ಯ ಹೇಳಿದ ನಾಲಿಗೆ. ಕತ್ತರಿ ಎಲ್ಲಿ ಬೇಕಾದರೂ ನಿಲ್ಲಬಹುದು, ಆ ನಾಲಿಗೆಗೆ ಅರ್ಧದಲ್ಲಿ ನಿಂತು ಗೊತ್ತಿಲ್ಲ. ಅವರಿಗೇ ಅರಿವಿಲ್ಲದ ಹಾಗೆ, ಮೆಲ್ಲಗೆ, ಅದು ಮುಂದಿನದನ್ನು ಹೇಳಿಬಿಟ್ಟಿತು.

“ನಾನು ನಿನ್ನ ಜೊತೆಯಲ್ಲೇ ಇರುತ್ತೇನೆ.”

ಕೃಪಾವತಿ ತಿರುಗಿದಳು. “ಏನಂದ್ರಿ ಅಣ್ಣಾ?”

“ಅದು... ಅದರ ಮುಂದಿನ ಸಾಲು.”

“ಹಾಗಾದರೆ ಈ ಬೆಂಕಿ ಮೊದಲಿಂದ ಅಲ್ಲೇ ಬರೆದಿತ್ತಾ?”

“ಇತ್ತು” ಅಂದರು. ಮೂವತ್ತೆಂಟು ವರ್ಷ ಬೇರೆಯವರ ಟಿಕೆಟ್ ನೋಡಿದವರು ಮೊದಲ ಸಲ ತಮ್ಮ ಜೇಬು ತಡಕಿಕೊಂಡ ಹಾಗಿತ್ತು ಅವರ ಮುಖ. “ನಾನೇ... ಕಾರ್ಡಿಗೆ ಹಿಡಿಸಲ್ಲ ಅಂತ...”

“ಮೂರು ವರ್ಷದಿಂದ ನಾನೇ ದಾರಿ ತಪ್ಪಿ ಯಾವುದೋ ಊರಿಗೆ ಬಂದಿದ್ದೀನಿ ಅಂದ್ಕೊಂಡಿದ್ದೆ ಅಣ್ಣಾ. ದೇವರ ಕಾಗದಗಳೆಲ್ಲ ಪಕ್ಕದ ಬೀದಿಗೇ ಹೋಗ್ತಿದ್ವು. ಇವತ್ತು ನೋಡಿ, ನನ್ನ ಮನೆ ವಿಳಾಸ ಬರೆದು ಕಳಿಸಿದ್ದಾನೆ.”

ಜಯಶೀಲ ಓಡಿಬಂದಿದ್ದ. “ಅತ್ತಿಗೆ, ತಪ್ಪಾಯ್ತು. ಅದು ನಿಮಗಲ್ಲ. ಸಮಾಧಾನಪ್ಪನೋರಿಗೆ ಸಿಗಲಿ ಅಂತ ನಾನೇ ಇಟ್ಟಿದ್ದು, ತಮಾಷೆಗೆ.”

“ನೀನು ಇಟ್ಟಿದ್ದು ಅವರಿಗೇ ಇರಬಹುದು ಕಣೋ. ಬಂದಿದ್ದು ನನಗೆ.” ಕಾರ್ಡನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಗಡಿಯಾರ ನೋಡಿದಳು. ಹನ್ನೊಂದಕ್ಕೆ ಹತ್ತು ನಿಮಿಷ. “ಹೊರಳಿಸೋ ಹೊತ್ತಾಯ್ತು” ಅಂತ ಮೈಕಿನಲ್ಲೇ ಹೇಳಿ ನಡೆದಳು.

ಅವಳ ಹಿಂದೆ ಜಯಶೀಲ. ಜಯಶೀಲನ ಹಿಂದೆ, ಆರಾಧನೆಯ ಕೊನೆಯ ಆಶೀರ್ವಾದಕ್ಕೂ ಕಾಯದೆ, ಸಮಾಧಾನಪ್ಪನವರು.

ತಿಮೋತಿ ಎದ್ದು ಕೂರಲಿಲ್ಲ. ಅಂಥ ಕಥೆ ಬೇಕಿದ್ದರೆ ಬೇರೆ ಪ್ರಸಂಗಿಯ ಹತ್ತಿರ ಹೋಗಿ. ಅವನು ಮಲಗಿದಲ್ಲೇ ಮಲಗಿದ್ದ, ಗಾಯವೂ ಇದ್ದಲ್ಲೇ ಇತ್ತು. ಮೆಹರುನ್ನಿಸಾ ಒಂದು ತುದಿ ಹಿಡಿದಿದ್ದಳು, ಜಯಶೀಲ ಕಾಲಿನ ಕಡೆ. ಸಮಾಧಾನಪ್ಪನವರು ಬಾಗಿಲಲ್ಲಿ ನಿಂತು, “ನಾನು ಯಾವ ತುದಿ ಹಿಡೀಲಿ ತಂಗಿ?” ಅಂದರು. ಈ ಮನೆಯಲ್ಲಿ ಅವರು ಪ್ರಶ್ನೆ ಕೇಳಿದ್ದು ಅದೇ ಮೊದಲು. ಅವಳು ತೋರಿಸಿದಳು. ಅವರು ಹಿಡಿದರು. ಹಿಡಿದವರು, ಪಾಪ, ಅಭ್ಯಾಸ ನೋಡಿ, ಹಾಗೇ ಕಣ್ಣು ಮುಚ್ಚಿ “ಪರಲೋಕದ ತಂದೆಯೇ” ಅಂತ ಶುರು ಮಾಡಿದರು.

ಕೃಪಾವತಿ ಒಂದು ಬೆರಳು ಎತ್ತಿದಳು. ಕನ್ನಡಕ ಇಲ್ಲದಿದ್ದರೂ ಮೂಗಿನ ತುದಿಯಿಂದ ನೋಡಿದಳು. ಜಯಶೀಲನೂ ಇಷ್ಟು ಚೆನ್ನಾಗಿ ತೆಗೆದಿರದ ಸಮಾಧಾನಪ್ಪನವರ ಧ್ವನಿ ಅವಳ ಗಂಟಲಿನಿಂದ ಬಂತು.

“ಮೊದಲು ಶರೀರದ ಕೆಲಸ ಅಣ್ಣಾ. ಆಮೇಲೆ ಆತ್ಮದ್ದು.”

ಮೆಹರುನ್ನಿಸಾ ಸೆರಗು ಬಾಯಿಗೆ ಒತ್ತಿಕೊಂಡಳು. ಜಯಶೀಲ ಹೊಟ್ಟೆ ಹಿಡಿದುಕೊಂಡ. ತಿಮೋತಿಯ ಎಡಗಡೆ ಅರ್ಧ ನಕ್ಕಿತು. ಸಮಾಧಾನಪ್ಪನವರು ಕಣ್ಣು ತೆರೆದು, ಕೆಂಪಾಗಿ, ಕೊನೆಗೆ ಅವರೂ ನಕ್ಕರು. ಆದರೆ ಪಕ್ಕದ ಮನೆಗೂ, ಅದರ ಪಕ್ಕದ ಮನೆಗೂ ಕೇಳಿಸಿದ್ದು ಒಂದೇ ನಗು. ಮೂರು ವರ್ಷದಿಂದ ಆ ಬೀದಿ ಕೇಳದಿದ್ದ ಕೃಪಾವತಿಯ ನಗು.